ಸಹಾಯದ ಪರದೆಗೆ ಬಂದ ಹೆಸರು

ದಿಂಬಿನ ಕೆಳಗೆ ಮೊಬೈಲು ಟುಣ್ ಎಂದಿತು. ಬೀದರದ ಆ ಓಣಿಯೆಲ್ಲ ಮಲಗಿದ್ದರೂ ಸಪನಾ ತಟ್ಟನೆ ಎದ್ದು ಕುಳಿತಳು. ಗ್ಯಾಸು ಬಂದ್ ಮಾಡಿದ್ದೇನೋ ಇಲ್ಲವೋ ಎಂದು ಎರಡು ಸಲ ಎದ್ದು ನೋಡುವ ಹೆಣ್ಣು ಅವಳು.

ಔರಾದದ ಬೀಜದಂಗಡಿಯ ಅಬ್ದುಲ ಸಮದ ಫೋಟೊ ಕಳಿಸಿದ್ದ. ದಾಸ್ತಾನು ನೋಡಲು ಅವನೇ ಬರೆದುಕೊಂಡ ಪ್ರೋಗ್ರಾಮಿನ ಸಹಾಯದ ಪರದೆ. ವಿವರಣೆ ಇರಬೇಕಾದ ಜಾಗದಲ್ಲಿ ಸಪನಾಳ ಹೆಸರು, ಇಮೇಲು ರಾರಾಜಿಸುತ್ತಿದ್ದವು. ಕೆಳಗೆ ಬರೆದಿದ್ದ: ‘ಮೇಡಮ್, ನನ್ನ ಅಂಗಡಿಗಿ ನಿಮ್ಮ ಬೋರ್ಡ್ ಯಾಕ್ರಿ?’

ಟೈಪು ಮಾಡಿದ ಆಜ್ಞೆಗಳನ್ನು ಬಿಡಿಸಿ ಓದಲು ಆ ಪ್ರೋಗ್ರಾಮು ಎಲ್ಲರಿಗೂ ಪುಕ್ಕಟೆ ಸಿಗುವ ಒಂದು ಲೈಬ್ರರಿಯನ್ನು, ಅಂದರೆ ಸಿದ್ಧ ಕೋಡಿನ ಕಟ್ಟನ್ನು, ಬಳಸುತ್ತಿತ್ತು. ಚಳಿಗಾಲವೆಲ್ಲ ಕೂತು ಅದರ ಸಂದೇಶಗಳನ್ನು ಕನ್ನಡಕ್ಕೆ ತಂದವಳು ಸಪನಾ. ಲೈಬ್ರರಿ ನೋಡಿಕೊಳ್ಳುವ ಭಾಲ್ಕಿಯ ಅಜಿಂಕ್ಯನಿಗೂ ಸಮದ ಅದೇ ಫೋಟೊ ಕಳಿಸಿದ್ದ; ಅವನು ಬೆಳಗ್ಗೆಯೇ ಫೋನು ಮಾಡಿದ.

“ಹೆಸರ ಮಾಡ್ಲಾಕ ಇಷ್ಟ ಅವಸರ ಏನ್ರಿ? ಎಲೆಕ್ಷನ್ ಪೋಸ್ಟರ್ ಹಚ್ಚಿದಂಗ ಹಚ್ಚೀರಲ್ಲ!”

“ನಾ ಹಚ್ಚಿಲ್ರಿ ಸರ.”

“ಮತ್ತ ಗೋಡಿ ತಾನ ಹಚ್ಕೊಂತೇನ್ರಿ? ಸಂಜಿಗಿ ಹೊಸ ಆವೃತ್ತಿ ಬಿಡ್ತೇನಿ. ಅಷ್ಟ್ರಾಗ ಸರಿ ಆಗ್ಲಿಲ್ಲಂದ್ರ ಕನ್ನಡ ತಗದೇ ಬಿಡ್ತೇನಿ.”

ಸಪನಾ ಸಮದನಿಂದ ಪ್ರೋಗ್ರಾಮು ತರಿಸಿಕೊಂಡು, ಅದನ್ನೂ ಲೈಬ್ರರಿಯನ್ನೂ ಸಾಲು ಸಾಲು ಓದಿದಳು. ಅನುವಾದದ ಕಡತದಲ್ಲಿ ಅನುವಾದಕರ ಹೆಸರು, ವಿಳಾಸ ಇರುವುದು ಖಾಲಿ ಪಠ್ಯದ ಎದುರಿಗೆ. ಸಮದ ವಿವರಣೆಯನ್ನು ಖಾಲಿ ಬಿಟ್ಟಿದ್ದ. ಅವನು ಕೊಟ್ಟ ಆ ಖಾಲಿಯನ್ನೂ ಲೈಬ್ರರಿ ಅನುವಾದಕ್ಕೆ ಒಯ್ದುಕೊಟ್ಟಿತ್ತು; ಅನುವಾದವಾಗಿ ಬಂದದ್ದು ಅವಳ ಹೆಸರು!

ಹಾಗಿದ್ದರೆ ಇದು ಕನ್ನಡದ ತಪ್ಪಲ್ಲ. ಅವಳು ಭಾಷೆಯನ್ನು ಮರಾಠಿಗೆ ಬದಲಿಸಿ ಪ್ರೋಗ್ರಾಮು ನಡೆಸಿದಳು. ಮರಾಠಿಗೆ ತಂದವನು ಅಜಿಂಕ್ಯನೇ. ಪರದೆಯ ಮೇಲೆ ಅವನ ಹೆಸರು, ಅವನ ಇಮೇಲು!

“ಯಾಕವ್ವಾ, ಒಬ್ಬಾಕಿನೇ ನಗ್ಲಾಕತ್ತಿ?” ಅಡುಗೆಮನೆಯಿಂದ ತಾಯಿ ಕೇಶರಬಾಯಿ ಕೂಗಿದಳು.

ಬಳಸುವವರು ಕೊಟ್ಟ ಪಠ್ಯ ಖಾಲಿಯಿದ್ದರೆ ಅದನ್ನು ಅನುವಾದಕ್ಕೆ ಕಳಿಸದೆ ಹಾಗೇ ಬಿಡುವಂತೆ ಸಪನಾ ತಿದ್ದಿದಳು. ಕನ್ನಡ, ಮರಾಠಿ, ಹಿಂದಿ, ಎಲ್ಲದರಲ್ಲೂ ನಡೆಸಿ ನೋಡಿದಳು. ಪರದೆ ತೊಳೆದಿಟ್ಟಂತಿತ್ತು. ತಿದ್ದುಪಡಿಯ ಜೊತೆ ಮರಾಠಿ ಪರದೆಯ ಫೋಟೊವನ್ನೂ ಅಜಿಂಕ್ಯನಿಗೆ ಕಳಿಸಿದಳು: ‘ಭಾಲ್ಕಿ ಗೋಡಿಗಿ ಯಾರ ಹಚ್ಚ್ಯಾರ್ರಿ ಸರ?’

ಫೋನು ಬಡಿದುಕೊಂಡಿತು. “ತಪ್ಪಾತ್ರಿ ಸಪನಾ ಅವರ! ಎಲ್ಲಾ ಭಾಷಿಗೂ ಇತ್ತಲ್ರಿ ಈ ರೋಗ! ಕನ್ನಡ ಇರ್ತದ. ಇನ್ಮ್ಯಾಲ ನೀವು ನೋಡದ ಯಾವ ಅನುವಾದನೂ ಹೊರಗ ಬಿಡಂಗಿಲ್ಲ.” ಆಮೇಲೆ ದನಿ ಇಳಿಯಿತು. “ಆದ್ರ ಆ ಫೋಟೊ...”

ಸಂಜೆ ಹೊಸ ಆವೃತ್ತಿ ಕನ್ನಡದೊಂದಿಗೇ ಹೊರಬಿತ್ತು. ಸಮದನ ಪರದೆಯಲ್ಲಿ ಅವಳ ಮಾತುಗಳಿದ್ದವು, ಹೆಸರಿರಲಿಲ್ಲ. ‘ಯಾರ ಕೈವಾಡ ಇತ್ರಿ ಮೇಡಮ್?’ ಎಂದು ಅವನು ಕೇಳಿದ.

ಬೆಳಗ್ಗೆ ತಾನು ತಪ್ಪಿಲ್ಲದೆ ಬೈಸಿಕೊಂಡದ್ದು ಸಪನಾಳಿಗೆ ನೆನಪಿತ್ತು. ಅಜಿಂಕ್ಯನ ಹೆಸರಿದ್ದ ಫೋಟೊವನ್ನು ಇನ್ನೊಮ್ಮೆ ಕಣ್ತುಂಬ ನೋಡಿ ಅಳಿಸಿದಳು. ‘ಸರಿ ಆತಲ್ರಿ, ವ್ಯಾಪಾರ ನೋಡ್ಕೋರಿ’ ಎಂದು ಸಮದನಿಗೆ ಬರೆದಳು. ಅವನಿಗಷ್ಟೇ ಅಲ್ಲ, ಅವ್ವನಿಗೂ ಹೇಳುವುದು ಬೇಡವೆಂದುಕೊಂಡಳು.