ಬೂತಾಯಿಯ ಬೆನ್ನುಹತ್ತಿದ ದೂಮಪ್ಪ ಮಾಸ್ತರರು

ಕಪ್ಪು ಕೋಟು ತೊಟ್ಟು ಸೊಂಟದವರೆಗೆ ಸಮುದ್ರಕ್ಕಿಳಿಯುವ ಮನುಷ್ಯನೆಂದು ನಾನು ಕಂಡದ್ದು ದೂಮಪ್ಪ ಮಾಸ್ತರರೊಬ್ಬರನ್ನೇ. ಬೆಳಗ್ಗೆ ಕುದ್ರೋಳಿಯ ಮನೆಯಿಂದ ಹೊರಟು, ಹೊಳೆ ದಾಟಿ ಬೆಂಗ್ರೆಯ ಮರಳದಂಡೆಗೆ ಬಂದು, ಪಂಚೆಯನ್ನು ಮೇಲೆತ್ತಿ ಕಟ್ಟಿ, ಅಲೆ ಬಡಿದಾಗಲೆಲ್ಲ ಒಂದು ಬದಿಗೆ ವಾಲುತ್ತ, ಉಷ್ಣಮಾಪಕವನ್ನು ನೀರಿನಲ್ಲಿ ಅದ್ದಿ ನಿಂತಿರುತ್ತಿದ್ದರು. ಕೋಟೇಕೆಂದು ಕೇಳಿದರೆ, ಅಲ್ಲಿಂದ ನೇರ ಕಾಲೇಜಿಗೆ ಹೋಗಬೇಕಲ್ಲ ಎನ್ನುತ್ತಿದ್ದರು. ನಾನು ಕನ್ನಡ ಪಾಠ ಹೇಳುತ್ತಿದ್ದ ಕೋಣೆಯ ಪಕ್ಕದಲ್ಲೇ ಅವರ ಜೀವಶಾಸ್ತ್ರದ ತರಗತಿ. ಉಪ್ಪುನೀರಿನ ವಾಸನೆ ಮೊದಲು ಬರುತ್ತಿತ್ತು, ಅವರು ಆಮೇಲೆ.

ಮೀನುಗಾರರ ಮನೆಯಲ್ಲಿ ಹುಟ್ಟಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಅವರೇ ಮೊದಲಿಗರು. ತಲೆ ತಗ್ಗಿಸಿ ಬಿರುಸಾಗಿ ನಡೆಯುವರು. ಯಾರೋ ಕೂಗಿದಂತೆ ನಡುಬೀದಿಯಲ್ಲಿ ಥಟ್ಟನೆ ನಿಂತುಬಿಡುವರು. ಆಗ ಮನಸ್ಸಿನಲ್ಲಿ ಸುಳಿಯುತ್ತಿದ್ದುದು ಒಂದೇ ಪ್ರಶ್ನೆಯೆಂದು ಬಲ್ಲವರಿಗೆ ಗೊತ್ತು. ಒಂದು ವರ್ಷ ತೆಂಗಿನ ಬುಡಕ್ಕೆ ಗೊಬ್ಬರವಾಗಿ ಸುರಿದರೂ ಮುಗಿಯದಷ್ಟು ಬರುವ ಬೂತಾಯಿ ಮೀನು, ಇನ್ನೊಂದು ವರ್ಷ ಹೇಳಹೆಸರಿಲ್ಲದಂತೆ ಎಲ್ಲಿಗೆ ಹೋಗುತ್ತದೆ? ಮಳೆಗಾಲದ ಕೊನೆಗೆ ಕಡಲು ತಂಪಾಗಿ, ಕಣ್ಣಿಗೆ ಕಾಣದ ಪಾಚಿ ಹುಲುಸಾಗಿ ಬೆಳೆದಾಗ ಅದು ದಡಕ್ಕೆ ಬರುತ್ತದೆಂದು ಅವರು ಸೂಕ್ಷ್ಮದರ್ಶಕದ ಮುಂದೆ ಯೌವನ ಸವೆಸಿ ಕಂಡುಕೊಂಡಿದ್ದರು. ಬಹುಕಾಲ ಆ ಮಾತು ತಪ್ಪಲಿಲ್ಲ. ಮೀನುಗಾರರೂ ಅವರನ್ನು ಕೇಳಿಯೇ ಬಲೆ ಸಜ್ಜುಗೊಳಿಸುತ್ತಿದ್ದರು.

ಎರಡನೆಯ ಮಹಾಯುದ್ಧ ಶುರುವಾದ ಮೇಲೆ ಒಂದು ವರ್ಷ ಬೂತಾಯಿ ಬರಲಿಲ್ಲ. ಮರುವರ್ಷವೂ ಇಲ್ಲ. ಮೀನೆಣ್ಣೆ ತೆಗೆಯುವ ಕೊಟ್ಟಿಗೆಗಳ ಒಲೆ ಆರಿತು, ದಡದ ಮನೆಗಳಲ್ಲಿ ಗಂಜಿಗೂ ತತ್ವಾರವಾಯಿತು. ಒಂದು ದಿನ ಅವರು ನನ್ನ ಕೋಣೆಗೆ ಬಂದು ಕುಳಿತರು. "ನೀರು ತಂಪುಂಟು, ಪಾಚಿ ಉಂಟು, ಮೀನು ಮಾತ್ರ ಇಲ್ಲ. ನಾನು ಇಷ್ಟು ವರ್ಷ ಹೇಳಿದ್ದು ಸರಿಯಲ್ಲ ಮಾರಾಯ್ರೆ" ಎಂದರು. ಏಳುವಾಗ ತಮ್ಮ ರೂಢಿಯ ಮಾತನ್ನೇ ಆಡಿದರು: "ಇರಲಿ, ನೋಡುವ."

ಅಷ್ಟರಲ್ಲಿ ಮೀನು ಏಕಿಲ್ಲವೆಂಬ ವಿಚಾರಣೆಗೆಂದು ಸರಕಾರದ ಅಧಿಕಾರಿಯೊಬ್ಬ ಬಂದ. ಸಣ್ಣ ಕಣ್ಣಿನ ಬಲೆಗಳು ಮರಿಮೀನುಗಳನ್ನು ಬಾಚಿದ್ದರಿಂದ ಸಂತತಿ ನಾಶವಾಯಿತೆಂದು ಅವನು ಮೊದಲೇ ನಿಶ್ಚಯಿಸಿದ್ದ. ಮಾಸ್ತರರು ಹೂಂ ಎಂದರೆ ಸಾಕಿತ್ತು.

"ಗೊತ್ತಿಲ್ಲ" ಎಂದರು ಮಾಸ್ತರರು.

ಹಿಂದೆ ನೆರೆದಿದ್ದ ಮೀನುಗಾರರ ನಡುವಿನಿಂದ ಅವರ ಅಕ್ಕನ ಮಗ ಪ್ರೇಮನಾಥ ಕೂಗಿದ: "ಹಾಗಾದರೆ ಬಲೆಯಿಂದ ಅಲ್ಲ ಅಂತ ಹೇಳಿ ಮಾವ!"

ಅವರು ತಿರುಗಿ ನೋಡಿದರು. "ಅದೂ ಗೊತ್ತಿಲ್ಲ ಮಗಾ."

ಬಲೆಗಳ ಮೇಲೆ ನಿರ್ಬಂಧ ಬಂತು. ಪ್ರೇಮನಾಥನ ಬಲೆಯನ್ನು ಸರಕಾರದವರು ಎತ್ತಿಕೊಂಡು ಹೋದ ದಿನ ಅಕ್ಕ ಅಮ್ಮಣ್ಣಿ ತಮ್ಮನ ಜಗಲಿಯ ಮುಂದೆ ನಿಂತು ಬೀದಿಗೆಲ್ಲ ಕೇಳುವಂತೆ ಅತ್ತಳು. "ಮೀನಿನ ಬುಟ್ಟಿ ಹೊತ್ತು ನಿನ್ನನ್ನು ಓದಿಸಿದವಳು ನಾನು. ಒಂದು 'ಅಲ್ಲ' ಹೇಳಲಿಕ್ಕೆ ನಿನಗೆ ಎಂತ ಕಷ್ಟ ಇತ್ತು ದೂಮ?"

"ಗೊತ್ತಿಲ್ಲದ್ದನ್ನು ಹೇಗೆ ಹೇಳುವುದು ಅಕ್ಕ?"

ಆಮೇಲೆ ಅವಳು ಆ ಮನೆಯ ಮುಂದೆ ಹಾಯಲಿಲ್ಲ. ಬೆಂಗ್ರೆಯ ಮೀನುಗಾರರು ಅವರನ್ನು ಮಾತನಾಡಿಸಲಿಲ್ಲ. ಆದರೂ ಬೆಳಗಾದರೆ ಅವರು ಕಡಲಲ್ಲಿ ನಿಂತಿರುತ್ತಿದ್ದರು. ತಾನೇ ತಪ್ಪೆಂದು ಒಪ್ಪಿಕೊಂಡ ಸಿದ್ಧಾಂತದ ಅವಶೇಷಗಳ ನಡುವೆ ಹೊಸದೊಂದು ಎಳೆಗಾಗಿ ತಡಕಾಡುವ ಏಕಾಂಗಿಯ ಆ ನಿಲುವನ್ನು ದೂರದಿಂದ ನೋಡಿ, ಹತ್ತಿರ ಹೋಗಲು ಸಂಕೋಚಪಟ್ಟು ನಾನು ಹಿಂತಿರುಗಿದ್ದುಂಟು.

ಮುಂದಿನ ಮಳೆಗಾಲ ಕಳೆದದ್ದೇ ಬೂತಾಯಿ ಬಂತು, ದಡವೆಲ್ಲ ಬೆಳ್ಳಿಯಾಗುವಂತೆ. ಅಧಿಕಾರಿಯೂ ಬಂದ. ಇದು ನಿರ್ಬಂಧದ ಫಲವೆಂದು ಮಾಸ್ತರರು ದೃಢಪಡಿಸಬೇಕು, ನಿರ್ಬಂಧವನ್ನು ಕಾಯಂ ಮಾಡಬೇಕು ಎಂಬುದು ಅವನ ಬಯಕೆ. ಅದೇ ಮೀನುಗಾರರ ಎದುರಿಗೆ ಅವರು ಹೇಳಿದರು: "ಬಲೆ ತಡೆದ ಮೇಲೆ ಮೀನು ಬಂದದ್ದು ನಿಜ. ತಡೆದದ್ದರಿಂದಲೇ ಬಂತು ಎನ್ನಲಿಕ್ಕೆ ಆಧಾರ ಇಲ್ಲ. ಯಾವ ತಡೆಯೂ ಇಲ್ಲದ ಗೋವೆಯ ಕಡೆಗೂ ಬಂದುಂಟು. ನಾನೇ ಹೋಗಿ ನೋಡಿ ಬಂದಿದ್ದೇನೆ."

ಹಿಂದೆ ತಮಗೆ ಮುಳುವಾದ 'ಗೊತ್ತಿಲ್ಲ' ಎಂಬ ಮಾತು ಅಧಿಕಾರಿಯ ಭಯದಿಂದ ಬಂದದ್ದಲ್ಲವೆಂದು ಮೀನುಗಾರರಿಗೆ ಅಂದು ಅರ್ಥವಾಯಿತು. ನಿರ್ಬಂಧ ಮುಂದುವರಿಯಲಿಲ್ಲ, ಅದಕ್ಕೆ ಅವರ ಮಾತು ಕಾರಣವೋ ಬೇರೇನೋ, ನಾನು ಹೇಳಲಾರೆ.

ಆ ಸಂಜೆ ಅಮ್ಮಣ್ಣಿ ಮೀನು ತಂದಳು. "ಇನ್ನಾದರೂ ಹೇಳು, ಇಷ್ಟು ವರ್ಷ ಇದು ಎಲ್ಲಿಗೆ ಹೋಗಿತ್ತು?"

"ಗೊತ್ತಿಲ್ಲ ಅಕ್ಕ."

ಅವಳು ನಿಟ್ಟುಸಿರುಬಿಟ್ಟು ಮೀನು ಶುಚಿಮಾಡಲು ಕುಳಿತಳು.

ಕೆಲವು ವರ್ಷಗಳ ಮೇಲೆ, ಉತ್ತರ ಕಾಣದೆಯೇ ಅವರು ತೀರಿಕೊಂಡರು. ಸತ್ಯವನ್ನು ಕಂಡವರಿಗೆ ಲೋಕ ಮಾಲೆ ಹಾಕುತ್ತದೆ. ಕಾಣಲು ಬದುಕನ್ನೇ ತೆತ್ತು, ಕಾಣದ್ದನ್ನು ಕಾಣಲಿಲ್ಲವೆಂದಷ್ಟೇ ಹೇಳಿ ಹೋದವರಿಗೆ ಆ ಸಾಲಿನಲ್ಲಿ ಸ್ಥಳವಿಲ್ಲ. ತಮ್ಮ ತಿಳಿವಿನ ಗಡಿಯಲ್ಲಿ ನಿಂತು ಅದರಾಚೆಯದನ್ನು ತಮ್ಮದೆನ್ನದ ಇಂಥವರು ಬದುಕಿದ್ದಷ್ಟು ದಿನ ಎರಡು ಪಕ್ಷದವರಿಗೂ ಬೇಡವಾಗಿರುತ್ತಾರೆ. ಆದರೆ ನಂಬಬಹುದಾದ ಒಂದು ಮಾತು ಬೇಕಾದ ದಿನ ಎರಡು ಪಕ್ಷದವರೂ ತಟ್ಟುವುದು ಅವರ ಬಾಗಿಲನ್ನೇ.