ಬಲಭುಜದ ಹತ್ತಿ

"ಕತ್ತು ಯಾವಾಗಿಂದ ಹೀಗೆ ವಾಲಿದೆ?" ಎಂದು ಡಾಕ್ಟರು ಕೇಳಿದಾಗ ದರ್ಜಿಯಮ್ಮನ ಬಾಯಿಂದ "ನಿನ್ನೆಯಿಂದ" ಎಂದು ಬಂದುಬಿಟ್ಟಿತು.

ಅದು ಸುಳ್ಳು. ಮಗಳು ತಲೆಯನ್ನು ಎಡಕ್ಕೆ ವಾಲಿಸಿಕೊಂಡು ಓಡಾಡತೊಡಗಿ ತಿಂಗಳುಗಳೇ ಆಗಿದ್ದವು. ಗುಂಡುಮುಖದ ಆ ಪುಟ್ಟಿಗೆ ಮನೆಯಲ್ಲಿ ಬಟನ್ ಎಂದೇ ಹೆಸರು. "ಏನೇ ಬಟನ್, ಭುಜ ಕಿವಿಗೆ ಗುಟ್ಟು ಹೇಳ್ತಿದ್ಯಾ?" ಎಂದು ಅಜ್ಜಿ ನಕ್ಕಿದ್ದರು. ಶಾಲೆಯ ಮಕ್ಕಳ ನಗುವಿನಲ್ಲಿ ಅಷ್ಟು ಅಕ್ಕರೆ ಇರಲಿಲ್ಲ. ಅಳುತ್ತ ಬಂದ ಮಗಳಿಗೆ ತಾಯಿ ತನಗೆ ಗೊತ್ತಿದ್ದ ಉಪಕಾರ ಮಾಡಿದಳು. ಫ್ರಾಕುಗಳ ಬಲಭುಜದೊಳಗೆ ಹತ್ತಿ ತುಂಬಿ ಎತ್ತರಿಸಿದಳು. ನೋಡಿದವರಿಗೆ ತಲೆ ನಡುವೆಯೇ ಇದ್ದಂತೆ ಕಾಣುತ್ತಿತ್ತು. ಬೆಳಗಿನ ವಾಂತಿಯನ್ನು ಮಾತ್ರ ಶಾಲೆ ತಪ್ಪಿಸುವ ನಾಟಕವೆಂದು ಗದರಿದ್ದಳು.

ಇಂದು ಜ್ವರ, ಕತ್ತು ಬಿಗಿದಿತ್ತು, ಕಣ್ಣು ಮಂಪರು.

"ಮಿದುಳು ಜ್ವರ ಇರ್ಬಹುದು. ಬೆನ್ನಿಂದ ನೀರು ತೆಗೆದು ನೋಡೋಣ," ಎಂದರು ಡಾಕ್ಟರು.

"ಫ್ರಾಕು ತಲೆ ಮೇಲಿಂದ ತೆಗೆಯೋದು ಬೇಡಮ್ಮ, ಮಗೂಗೆ ನೋವಾಗತ್ತೆ. ಕತ್ತರಿಸ್ಲಾ?" ಎಂದಳು ನರ್ಸು.

"ಕೊಡಿ, ಹೊಲಿದವಳು ನಾನೇ."

ಕತ್ತರಿ ಭುಜ ದಾಟಿದಾಗ ಹತ್ತಿಯ ಉಂಡೆ ಹೊರಗೆ ಬಿತ್ತು. ಬಟನ್ ತೊದಲಿದಳು: "ಅಮ್ಮಾ, ಅದು ಯಾರಿಗೂ ಕಾಣ್ಬಾರ್ದು ಅಂದಿದ್ಯಲ್ಲ."

ಡಾಕ್ಟರು ಆಗಲೇ ಬೆನ್ನು ಒರೆಸಿ ಸೂಜಿ ಎತ್ತಿಕೊಂಡಿದ್ದರು. ದರ್ಜಿಯಮ್ಮ ಕತ್ತರಿ ಕೆಳಗಿಟ್ಟಳು.

"ನಿನ್ನೆಯಿಂದಲ್ಲ ಡಾಕ್ಟ್ರೇ. ತಿಂಗಳುಗಟ್ಟಲೆ ಆಯ್ತು. ನಾನೇ ಮುಚ್ಚಿಟ್ಟೆ."

ಸೂಜಿ ನಿಂತಿತು. "ತಲೆನೋವು? ವಾಂತಿ?"

"ಬೆಳಗ್ಗೆ ಎದ್ದ ಕೂಡ್ಲೆ."

"ಹಾಗಾದ್ರೆ ಇದು ಬೇಡವೇ ಬೇಡ. ಮೊದ್ಲು ಸ್ಕ್ಯಾನು."

ಸ್ಕ್ಯಾನಿನಲ್ಲಿ ಹಿಮ್ಮಿದುಳಿನ ಗಡ್ಡೆ ಕಂಡಿತು. "ಒಳಗೆ ಒತ್ತಡ ತುಂಬಿಕೊಂಡಿದೆ," ಎಂದು ಡಾಕ್ಟರು ತಾಯಿಯ ಪಕ್ಕದಲ್ಲೇ ಕುಳಿತು ಹೇಳಿದರು. "ಕೆಳಗಿಂದ ನೀರು ತೆಗೆದಿದ್ರೆ ಮಿದುಳು ಜಾರಿ ಉಸಿರೇ ನಿಲ್ತಿತ್ತು. ಈಗ್ಲೇ ಆಪರೇಶನ್ ಆಗ್ಬೇಕು. ಉಳಿಸ್ತೀವಿ ಅಂತ ಮಾತು ಕೊಡೋಕಾಗಲ್ಲಮ್ಮ."

"ನಾನು ಮೊದ್ಲೇ ಬಾಯಿ ಬಿಟ್ಟಿದ್ರೆ..."

"ನಾನೂ ಇನ್ನೊಂದು ಸಲ ಕೇಳ್ಬೇಕಿತ್ತು," ಎಂದರು ಅವರು.

ಆಪರೇಶನ್ ಕೋಣೆಯ ಮುಂದೆ ನರ್ಸು ತನ್ನ ಜೇಬಿನಿಂದ ಆ ಹತ್ತಿಯನ್ನು ತೆಗೆದಳು. ಶುಭ್ರ ಬಟ್ಟೆಯಲ್ಲಿ ಸುತ್ತಿ, ಮಗುವಿನ ವಾಲಿದ ಕೆನ್ನೆಯ ಕೆಳಗೆ ಮೆಲ್ಲನೆ ತೂರಿಸಿದಳು.

"ಅಮ್ಮಾ, ನೆಟ್ಟಗೆ ಮಲಗ್ಲಾ?"

"ಬೇಡ ಚಿನ್ನ. ನಿಂಗೆ ಹೇಗೆ ಹಿತವೋ ಹಾಗೇ ಇರು."

ಬಾಗಿಲು ಮುಚ್ಚಿತು. ಬಲಭುಜ ಕತ್ತರಿಸಿ ಹತ್ತಿ ಬರಿದಾದ ಫ್ರಾಕನ್ನು ಮಡಿಲಲ್ಲಿಟ್ಟುಕೊಂಡು ತಾಯಿ ಕುಳಿತಳು. ಅದನ್ನು ಮಡಿಸಲು ಅವಳಿಗೆ ಕೈ ಬರಲಿಲ್ಲ.