ಕಾರ್ಡಿದ್ದವನ ಅಕ್ಕ

ಓಣಿಯವರೆಲ್ಲ ಅವಳನ್ನು ಕತ್ತರಿ ಎಂದೇ ಕರೆಯುತ್ತಿದ್ದರು. ಹೊಲಿಗೆ ಅಂಗಡಿ ಇಟ್ಟವಳಿಗೆ ಆ ಹೆಸರು ಬಂದದ್ದು ಕಸುಬಿನಿಂದಲ್ಲ, ನಾಲಿಗೆಯಿಂದ. ಅಳತೆ ಕೊಡಲು ಬಂದ ಗಂಡಸು ಹೊಟ್ಟೆ ಒಳಗೆಳೆದುಕೊಂಡು ನಿಂತರೆ, "ಉಸಿರು ಬಿಡಪ್ಪಾ, ಪ್ಯಾಂಟು ನಿನಗೆ ಹೊಲೀಬೇಕು, ನಿನ್ನ ಆಸೆಗಲ್ಲ" ಎನ್ನುವಳು. ಸೋಂಕು ಬಂದು ಮದುವೆಗಳೆಲ್ಲ ನಿಂತು, ಹೊಸ ಬಟ್ಟೆ ಹೊಲಿಸುವವರೇ ಇಲ್ಲದಾದಾಗ ಮಾಸ್ಕು ಹೊಲಿಯಲು ಕೂತಳು. ಮೊದಲು ಮಾರುವುದಕ್ಕೆ, ಆಮೇಲೆ ಹೋರಾಟಕ್ಕೆ.

ಹೋರಾಟ ಎಬ್ಬಿಸಿದವನು ಒಬ್ಬ ನಿವೃತ್ತ ಬಸ್ ಕಂಡಕ್ಟರ್. ಅವನ ಹೆಂಡತಿ ದೊಡ್ಡ ಆಸ್ಪತ್ರೆಯ ಗೇಟಿನ ಹೊರಗೆ, ಗಾಡಿಯ ಹಿಂದಿನ ಸೀಟಿನಲ್ಲಿ, ಉಸಿರಿಗೆ ಒದ್ದಾಡಿ ಸತ್ತಿದ್ದಳು. ಒಳಗೆ ಹಾಸಿಗೆ ಖಾಲಿಯಿತ್ತು, ಮುಂಗಡ ಕಟ್ಟಲು ಇವನ ಕೈ ಖಾಲಿಯಿತ್ತು. ಅಂದಿನಿಂದ ಅವನು ಮನೆಮನೆಯ ಬಾಗಿಲು ಬಡಿಯತೊಡಗಿದ. "ಯಾರೇ ಹೋಗ್ಲಿ, ಯಾವ ಆಸ್ಪತ್ರೆಗೇ ಹೋಗ್ಲಿ, ಚಿಕಿತ್ಸೆ ಸರ್ಕಾರದ ಖರ್ಚಲ್ಲಿ ಆಗ್ಬೇಕು. ಕೆಲಸ ಇರೋನಿಗೂ, ಇಲ್ಲದೋನಿಗೂ. ಬನ್ನಿ ಬನ್ನಿ, ಹತ್ಕೊಳ್ಳಿ" ಎಂದು ಬಸ್ಸಿನ ಬಾಗಿಲಲ್ಲಿ ನಿಂತವನ ಹಾಗೆಯೇ ಕೂಗುತ್ತಿದ್ದ. ಜನ ನಕ್ಕರು, ಆಮೇಲೆ ಒಬ್ಬೊಬ್ಬರೇ ಹತ್ತಿಕೊಂಡರು. ಕತ್ತರಿಯೂ ಹತ್ತಿಕೊಂಡಳು.

ತಿಂಗಳುಗಟ್ಟಲೆ ಜೊತೆಯಲ್ಲಿ ತಿರುಗಿದರೂ ಅವರು ಒಬ್ಬರ ಮುಖವನ್ನು ಒಬ್ಬರು ಪೂರ್ತಿ ಕಂಡಿರಲಿಲ್ಲ. ಎಲ್ಲರ ಬಾಯಿಗೂ ಬಟ್ಟೆ. ಅದಕ್ಕೇ ಕತ್ತರಿ ಒಂದೇ ಥಾನಿನ ಹಳದಿ ಬಟ್ಟೆ ಕತ್ತರಿಸಿ, ಅಂಚಿಗೆ ನೀಲಿ ದಾರದ ಜೋಡಿ ಹೊಲಿಗೆ ಹಾಕಿ ಎಲ್ಲರಿಗೂ ಕೊಟ್ಟಳು. ಹಳದಿ ಕಂಡರೆ ನಮ್ಮವರು, ಅಷ್ಟೇ ಗುರುತು. ಹೆಸರನ್ನೂ ಯಾರೂ ಕೇಳುತ್ತಿರಲಿಲ್ಲ.

ಅವಳ ಮನೆಯಲ್ಲೇ ಒಬ್ಬ ಹತ್ತಿಕೊಳ್ಳದವನಿದ್ದ. ಅವಳ ತಮ್ಮ. ಅವ್ವ ಸತ್ತ ಮೇಲೆ ಕಂಕುಳಲ್ಲಿ ಹೊತ್ತು ಬೆಳೆಸಿದ ಕೂಸು, ಈಗ ಆರಡಿ ಬೆಳೆದು ಅದೇ ದೊಡ್ಡ ಆಸ್ಪತ್ರೆಯ ಗೇಟು ಕಾಯುತ್ತಿತ್ತು. ಕೊರಳಲ್ಲಿ ಕಂಪನಿ ಕೊಟ್ಟ ಆರೋಗ್ಯ ಕಾರ್ಡು. ಸ್ನಾನಕ್ಕೆ ಹೋಗುವಾಗ ಮಾತ್ರ ಅದು ಗೋಡೆಯ ಮೊಳೆಗೆ ಹೋಗುತ್ತಿತ್ತು.

"ನಿನ್ನ ಹೋರಾಟ ನನಗ್ಯಾಕಕ್ಕ? ನನ್ನ ಹತ್ರ ಕಾರ್ಡಿದೆ. ಜ್ವರ ಬಂದ್ರೆ ಎಸಿ ರೂಮಲ್ಲಿ ಮಲಗ್ತೀನಿ."

"ಕೆಲಸ ಇರೋ ತನಕ ಮಲಗ್ತೀಯ."

"ನನ್ನ ಕೆಲಸಕ್ಕೇನಾಗಿದೆ?"

"ಅದನ್ನ ನಿಮ್ಮ ಮೀಸೆಯನ್ನ ಕೇಳು."

ಮೀಸೆ ಎಂದರೆ ಕಾವಲುಗಾರರ ಮೇಲಿನವನು. ಎಂಥ ಮಾಸ್ಕು ಹಾಕಿದರೂ ಎರಡು ಬದಿಗೂ ಮೀಸೆ ಹೊರಗೆ ಇಣುಕುತ್ತಿತ್ತು. ತಮ್ಮ ನಕ್ಕ, ಅಕ್ಕನೂ ನಕ್ಕಳು. ಆದರೆ ಅದು ಆ ಗೇಟಿನ ಮುಂದೆ ಧರಣಿ ಮಾಡುವ ದಿನದ ಬೆಳಗು. ನಮ್ಮವರಲ್ಲಿ ಗಂಡಂದಿರನ್ನೂ ಮಕ್ಕಳನ್ನೂ ಕಳಕೊಂಡವರಿದ್ದಾರೆ, ಗೇಟಿನವನು ಸಿಕ್ಕಿದರೆ ಬಿಡುತ್ತಾರೆಯೇ? ಅವಳು ಒಂದು ಹಳದಿ ಮಾಸ್ಕು ಮಡಿಸಿ ಅವನ ಜೇಬಿಗೆ ತುರುಕಿದಳು.

"ಗಲಾಟೆ ಆದ್ರೆ ಇದನ್ನ ಹಾಕ್ಕೊಂಡು ನನ್ನ ಹತ್ರ ಬಂದ್ಬಿಡು. ನಮ್ಮೋರು ಯಾರೂ ನಿನ್ನ ಮುಟ್ಟಲ್ಲ."

ಎಂಥ ಬುದ್ಧಿವಂತೆ ನೋಡಿ. ನಮ್ಮವರ ಕಣ್ಣಿಗೆ ಹಳದಿ ಏನೆಂದು ಯೋಚಿಸಿದಳೇ ಹೊರತು, ಗೇಟಿನವರ ಕಣ್ಣಿಗೆ ಏನೆಂದು ಯೋಚಿಸಲೇ ಇಲ್ಲ.

ಗೇಟಿನ ಮುಂದೆ ಕಂಡಕ್ಟರನ ಕಟ್ಟಪ್ಪಣೆಯಂತೆ ಎಲ್ಲರೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು. ಕೈ ಎತ್ತಿದರು ಎಂದು ನಾಳೆ ಯಾರೂ ಹೇಳುವಂತಾಗಬಾರದು. ಕತ್ತರಿಯ ಸೊಂಟದ ಚೀಲದಲ್ಲಿ ಬ್ಯಾನರ್ ಬಟ್ಟೆ ಕತ್ತರಿಸಿದ ದೊಡ್ಡ ಕತ್ತರಿ ಹಾಗೇ ಇತ್ತು. ಕಂಡಕ್ಟರ್ ಅದನ್ನು ನೋಡಿ, "ಅಂಗಡೀಲಿ ಬಿಟ್ಟು ಬರಬಾರದಿತ್ತೇನಮ್ಮ?" ಎಂದ. "ಅದು ನನ್ನ ಕೈ ಇದ್ದ ಹಾಗೆ, ಎಲ್ಲಿ ಬಿಟ್ಟು ಬರಲಿ?" ಎಂದಳು.

ಬಿಸಿಲೇರುವ ಹೊತ್ತಿಗೆ ಗಾರೆ ಕೆಲಸದವನೊಬ್ಬ ತನ್ನ ತಾಯಿಯನ್ನು ಟೆಂಪೊ ಗಾಡಿಯಲ್ಲಿ ಮಲಗಿಸಿಕೊಂಡು ಬಂದ. ಮುದುಕಿಯ ತುಟಿ ನೀಲಿಯಾಗಿತ್ತು. ಜನ ದಾರಿ ಬಿಟ್ಟರು, ಗೇಟು ಬಿಡಲಿಲ್ಲ. ಮೀಸೆ ಒಳಗಿನಿಂದ ಕೈಯಾಡಿಸಿ ಗಾಡಿಯನ್ನು ಹಿಂದಕ್ಕೆ ತಿರುಗಿಸು ಎಂದ. ಗಾರೆಯವನು ತಿರುಗಿಸಲಿಲ್ಲ, ಗಾಡಿಯ ಮೂತಿಯನ್ನೇ ಗೇಟಿಗೆ ಕೊಟ್ಟ. ಗೇಟಿನ ಸರಪಳಿ ಕಳಚಿ ಬಿತ್ತು.

ಆಮೇಲೆ ದೊಣ್ಣೆಗಳು ಹೊರಗೆ ಬಂದವು. ಕಾವಲುಗಾರರು ಮುಖ ಮೂತಿ ನೋಡದೆ ಬಾರಿಸಿದರು. ಕೈಕಟ್ಟಿ ನಿಂತವರನ್ನು ಹೊಡೆಯುವುದು ಸುಲಭ, ತಡೆಯಲು ಅಡ್ಡ ಬರುವ ಕೈಯೇ ಇಲ್ಲವಲ್ಲ. ಕಂಡಕ್ಟರನ ಹೆಗಲ ಮೂಳೆ ಮುರಿದ ಸದ್ದು ಪಕ್ಕದಲ್ಲಿದ್ದವರಿಗೆಲ್ಲ ಕೇಳಿಸಿತು. ಒಬ್ಬ ಹೆಂಗಸಿನ ಹಲ್ಲು ಮಾಸ್ಕಿನೊಳಗೇ ಉದುರಿ, ಹಳದಿ ಬಟ್ಟೆ ಕೆಂಪಗೆ ಜೋತುಬಿತ್ತು. ಗಾರೆಯವನನ್ನು ಸ್ಟೇರಿಂಗಿನಿಂದ ಎಳೆದು ಹಾಕಿ ತುಳಿದರು. ತಾಯಿ ಗಾಡಿಯಲ್ಲೇ ಮಲಗಿದ್ದಳು, ಅವಳತ್ತ ಯಾರೂ ನೋಡಲಿಲ್ಲ. ಕತ್ತರಿಯ ಮೊಣಕಾಲಿಗೆ ಏಟು ಬಿದ್ದು ಅವಳು ನೆಲಕ್ಕೆ ಬಿದ್ದಳು. ತಲೆ ಎತ್ತಿದರೆ ಎದುರಿಗೆ ಮೀಸೆ, ಅವನ ದೊಣ್ಣೆ ಮೇಲಕ್ಕೆ ಹೋಗಿತ್ತು.

"ಅಕ್ಕಾ."

ತಮ್ಮ ಗೇಟಿನೊಳಗಿಂದ ಓಡಿಬರುತ್ತಿದ್ದ. ಅಕ್ಕ ಹೇಳಿಕೊಟ್ಟದ್ದನ್ನು ಚಾಚೂ ತಪ್ಪದೆ ಮಾಡಿದ್ದ: ಬಿಳಿ ಮಾಸ್ಕು ಕಿತ್ತೆಸೆದು ಹಳದಿ ಹಾಕಿಕೊಂಡಿದ್ದ. ಜನರ ನಡುವೆ ಅವನಿಗೆ ದಾರಿ ಸಿಕ್ಕಿತು, ಹಳದಿಯವರು ಯಾರೂ ಅವನನ್ನು ಮುಟ್ಟಲಿಲ್ಲ. ಬಂದವನು ಅಕ್ಕನ ಮೇಲೆ ಬಗ್ಗಿ ಅಡ್ಡ ನಿಂತ. ಮೀಸೆ ಸಮವಸ್ತ್ರವನ್ನೂ ನೋಡಿದ, ಹಳದಿಯನ್ನೂ ನೋಡಿದ.

"ಓಹೋ, ಒಳಗೇ ಇದ್ಯೇನೋ ಕಳ್ಳ. ಸರಪಳಿ ಸಡಿಲ ಬಿಟ್ಟವನು ನೀನೇ."

ಹೊರಗಿನವನಿಗೆ ಬೀಳುವ ಏಟು ಬೇರೆ, ಮನೆಮುರುಕ ಎಂದುಕೊಂಡವನಿಗೆ ಬೀಳುವ ಏಟು ಬೇರೆ. ಬೆಳಗ್ಗೆ ಜೊತೆಯಲ್ಲಿ ಚಹಾ ಕುಡಿದವರೇ ಅವನನ್ನು ಸುತ್ತಿಕೊಂಡರು. ಬೆನ್ನಿಗೆ, ಪಕ್ಕೆಗೆ, ಕೊನೆಗೆ ಮುಖಕ್ಕೆ. ದೊಣ್ಣೆಯ ಮೊನೆ ಎಡಗಣ್ಣಿಗೆ ಇಳಿದಾಗ ಅವನು ಕೂಗಲೂ ಇಲ್ಲ, ಸುಮ್ಮನೆ ಅಕ್ಕನ ಮೇಲೆ ಕುಸಿದ. ಮೀಸೆ ಬಗ್ಗಿ ಅವನ ಕೊರಳಿನ ಕಾರ್ಡನ್ನು ಹಗ್ಗ ಸಮೇತ ಕಿತ್ತುಕೊಂಡ.

"ಈ ಕ್ಷಣದಿಂದ ನಿನಗೆ ಕೆಲಸ ಇಲ್ಲ."

ಆ ತೂಕದ ದೇಹವನ್ನು ಅವಳು ತುರ್ತು ಚಿಕಿತ್ಸೆಯ ಬಾಗಿಲ ತನಕ ಹೇಗೆ ಎಳೆದೊಯ್ದಳೋ ದೇವರೇ ಬಲ್ಲ. ಕೌಂಟರಿನ ಹುಡುಗಿ ಅವನನ್ನು ನೋಡಿ ಎದ್ದು ನಿಂತಳು, ಗುರುತು ಹಿಡಿದಳು. ದಿನಾ ಬೆಳಗ್ಗೆ ಅವಳಿಗೆ ಗೇಟು ತೆಗೆಯುತ್ತಿದ್ದವನು. ಆದರೂ ಬಾಯಿಗೆ ಬಂದದ್ದು ಅಭ್ಯಾಸದ ಮಾತೇ.

"ಕಾರ್ಡ್ ಎಲ್ಲಿ?"

"ಇಲ್ಲಿದೆ," ಎಂದ ಮೀಸೆ. ಬೆನ್ನ ಹಿಂದೆಯೇ ಬಂದಿದ್ದ. ಕಾರ್ಡನ್ನು ಕೌಂಟರಿನ ಮೇಲಿಟ್ಟು ಅಂಗೈ ಅದರ ಮೇಲೆ ಒತ್ತಿದ. "ಇದು ಕೆಲಸದೋರಿಗೆ. ಇವನನ್ನ ತೆಗೆದಾಗಿದೆ. ಹೊರಗೆ ಹಾಕಿ."

ಕತ್ತರಿ ಅವನ ಮುಖ ನೋಡಲಿಲ್ಲ, ಆ ಕೈ ನೋಡಿದಳು. ಇಷ್ಟು ದಿನ ಎಷ್ಟೋ ಬಾಗಿಲುಗಳಲ್ಲಿ ನಿಂತು, ಕೆಲಸ ಹೋದರೆ ಕಾರ್ಡೂ ಹೋಗುತ್ತೆ ಎಂದು ಬಾಯಿ ನೋಯುವಂತೆ ಹೇಳಿದವಳು ಅವಳೇ. ಅದು ಇಷ್ಟು ಬೇಗ ಹೋಗುತ್ತದೆಂದು ಅವಳಿಗೂ ಗೊತ್ತಿರಲಿಲ್ಲ. ಸೊಂಟದ ಚೀಲದಿಂದ ಕತ್ತರಿ ತೆಗೆದು, ದಪ್ಪ ಬಟ್ಟೆಗೆ ತೂತು ಹೊಡೆಯುವಾಗಿನ ಬಲ ಹಾಕಿ, ಆ ಕೈಯ ನಡುವಿಗೆ ಇಳಿಸಿದಳು.

ಕತ್ತರಿ ಕಿತ್ತಾಗ ಮೀಸೆ ನೆಲಕ್ಕೆ ಕುಸಿದು ಉರುಳಾಡಿದ. ಅವಳು ಅದನ್ನೇ ಅವನ ಕುತ್ತಿಗೆಗೆ ಇಟ್ಟು, ಬಾಗಿಲಲ್ಲಿ ಬೆಪ್ಪಾಗಿ ನಿಂತ ಡಾಕ್ಟರನ್ನು ಕರೆದಳು.

"ಇಬ್ರದೂ ರಕ್ತವೇ ಹೋಗ್ತಿರೋದು. ಮೊದಲು ನನ್ನ ತಮ್ಮನ್ನ ಒಳಗೆ ತಗೊಳ್ಳಿ. ಆಮೇಲೆ ಇವನನ್ನ ಬಿಡ್ತೀನಿ."

ಡಾಕ್ಟರಿಗೆ ಕರುಣೆ ಬಂತೋ, ಕತ್ತರಿ ಕಂಡಿತೋ, ಸ್ಟ್ರೆಚರ್ ಬಂತು. ಅದು ಒಳಗೆ ಹೋಗಿ ಬಾಗಿಲು ಮುಚ್ಚಿದ ಮೇಲೆ ಅವಳು ಕತ್ತರಿಯನ್ನು ಕೌಂಟರಿನ ಮೇಲಿಟ್ಟು, ಪೊಲೀಸರು ಬರುವ ತನಕ ಗೋಡೆಗೊರಗಿ ಕೂತಳು.

ತಮ್ಮ ಬದುಕಿದ, ಎಡಗಣ್ಣು ಹೋಯಿತು. ಗಾರೆಯವನ ತಾಯಿ ಗಾಡಿಯಲ್ಲೇ ತೀರಿಕೊಂಡಿದ್ದಳು. ಪತ್ರಿಕೆಗಳಿಗೆ ಆ ಮುದುಕಿ ಬೇಕಾಗಲಿಲ್ಲ, ಕತ್ತರಿ ಬೇಕಾಯಿತು. ಜೈಲಿಗೆ ಅವಳನ್ನು ನೋಡಲು ಮೊದಲು ಬಂದ ಕಂಡಕ್ಟರ್ ತೋಳನ್ನು ಕೊರಳಿಗೆ ಕಟ್ಟಿಕೊಂಡು, ಜಾಲರಿಯ ಆಚೆ ನಿಂತು ಉಗಿದ. "ಕೈ ಕಟ್ಕೊಂಡು ನಿಲ್ಲಿ ಅಂದಿದ್ದೆ ತಾಯಿ. ಈಗ ಹಳದಿ ಕಂಡ್ರೆ ಜನ ಬಾಗಿಲು ಹಾಕ್ಕೋತಾರೆ. ತಿರುಗಿದ್ದೆಲ್ಲ ಮಣ್ಣುಪಾಲಾಯ್ತು." ಮೀಸೆಯ ಕೈಗಾಗಿ ಅವಳಿಗೆ ದುಃಖವಿರಲಿಲ್ಲ. ಇದ್ದದ್ದೆಲ್ಲ ಆ ಹಳದಿ ಬಟ್ಟೆಯನ್ನು ಮಡಿಸಿ ತಮ್ಮನ ಜೇಬಿಗಿಟ್ಟ ತನ್ನ ಕೈಗಾಗಿ.

ಆಮೇಲೊಂದು ದಿನ ತಮ್ಮ ಬಂದ. ಕಣ್ಣಿಗೆ ಪಟ್ಟಿ, ಬಾಯಿಗೆ ಅದೇ ಹಳದಿ ಮಾಸ್ಕು. ತೊಳೆದಿದ್ದ, ಆದರೂ ಕಲೆ ಉಳಿದಿತ್ತು.

"ಅದನ್ನ ಯಾಕೋ ಇನ್ನೂ ಹಾಕ್ಕೊಂಡಿದೀಯ? ಬೆಂಕಿಗೆ ಹಾಕು."

"ಯಾಕೆ? ಹೊಲಿಗೆ ಗಟ್ಟಿಯಾಗಿದೆ," ಎಂದು ನಕ್ಕ. ಆಮೇಲೆ ದನಿ ತಗ್ಗಿಸಿದ. "ಮನೆಮನೆಗೆ ಹೋಗ್ತಿದೀನಕ್ಕ. ನೀನು ತಿರುಗ್ತಿದ್ದ ಓಣಿಗಳೇ."

"ಮಾತಾಡೋಕೆ ಬರುತ್ತಾ ನಿನಗೆ? ಏನು ಹೇಳ್ತೀಯ?"

"ಜಾಸ್ತಿ ಏನಿಲ್ಲ. ಪಟ್ಟಿ ಬಿಚ್ಚಿ ತೋರಿಸ್ತೀನಿ. ನನ್ನ ಹತ್ರನೂ ಕಾರ್ಡಿತ್ತು ಅಂತೀನಿ."

ಅವಳು ಜಾಲರಿಗೆ ಹಣೆ ಒತ್ತಿದಳು.

"ಬಾಗಿಲು ತೆಗೀತಾರಾ?"

"ಕಾರ್ಡಿಲ್ಲದೋರು ಹೆದರ್ಕೊಂಡು ಹಾಕ್ಕೋತಾರೆ," ಎಂದ ತಮ್ಮ. "ಕಾರ್ಡಿರೋರು ತೆಗೀತಾರಕ್ಕ. ತೆಗೆದು, ಒಳಗೆ ಬಾ ಅಂತಾರೆ."